ಚೀಲದ ಕಾಂಪೋಸ್ಟ್ ಕೊಳ್ಳುವ ಮುನ್ನ: ಯಾವ ಮುದ್ರೆ ಏನು ಹೇಳುತ್ತದೆ, ಯಾವ ಪರೀಕ್ಷೆ ಯಾರಿಗೆ ಬೇಕು

ಮೊದಲು ಎಲ್ಲರ ಮನೆಯ ಹಿತ್ತಲಲ್ಲೂ ತಿಪ್ಪೆ ಇರುತ್ತಿತ್ತು. ಈಗ ದನ ಕಟ್ಟುವವರು ಕಡಿಮೆ, ಟ್ರ್ಯಾಕ್ಟರ್ ಜಾಸ್ತಿ. ಹಾಗಾಗಿ ಅಥಣಿಯಿಂದ ಇಂಡಿಯವರೆಗೆ ಎಲ್ಲಿ ಹೋದರೂ ಗೊಬ್ಬರದ ಅಂಗಡಿಯ ಮುಂದೆ ಕಾಂಪೋಸ್ಟ್ ಚೀಲಗಳ ರಾಶಿ ಕಾಣುತ್ತದೆ. ಎರೆಗೊಬ್ಬರ, ನಗರದ ಕಸದಿಂದ ಮಾಡಿದ ಸಿಟಿ ಕಾಂಪೋಸ್ಟ್, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿಯ ಪ್ರೆಸ್‌ಮಡ್ ಕಾಂಪೋಸ್ಟ್, ರಂಜಕ ಬೆರೆಸಿದ ಗೊಬ್ಬರ, ಸುಮ್ನೆ ‘ಆರ್ಗ್ಯಾನಿಕ್’ ಎಂದಷ್ಟೇ ಬರೆದ ಚೀಲ. ಒಂದೊಂದರ ಮೇಲೂ ನಾಲ್ಕೈದು ಮುದ್ರೆ. ಒಂದರಲ್ಲಿ ಐಎಸ್ಓ, ಇನ್ನೊಂದರಲ್ಲಿ ‘ಸರ್ಕಾರಿ ಮಾನ್ಯತೆ’, ಮತ್ತೊಂದರಲ್ಲಿ ಹಸಿರು ಎಲೆಯ ಚಿತ್ರ. ರೇಟು ಮಾತ್ರ ಒಂದಕ್ಕಿಂತ ಒಂದು ಬೇರೆ.

ಈ ಮುದ್ರೆಗಳಲ್ಲಿ ಯಾವುದನ್ನು ಎಷ್ಟು ನಂಬಬೇಕು, ಯಾವ ಬೆಳೆಗೆ ಯಾವ ಗೊಬ್ಬರ ಆರಿಸಬೇಕು ಎಂದು ಕೇಳುವವರು ಬಹಳ. ನನ್ನ ಉತ್ತರ ಇಷ್ಟೇ. ಕಣ್ಣಿಗೆ, ಮೂಗಿಗೆ, ಕೈಗೆ ಗೊತ್ತಾಗುವುದನ್ನು ನೀವೇ ನೋಡಿಕೊಳ್ಳಿ, ಅದಕ್ಕೆ ದುಡ್ಡು ಬೇಕಿಲ್ಲ. ಉಪ್ಪು ಮತ್ತು ಸೀಸ, ಕ್ಯಾಡ್ಮಿಯಂನಂಥ ಭಾರ ಲೋಹ ಕಣ್ಣಿಗೆ ಕಾಣುವುದಿಲ್ಲ, ಲ್ಯಾಬ್‌ಗೆ ದುಡ್ಡು ಕೊಡುವುದಿದ್ದರೆ ಮೊದಲು ಅವೆರಡಕ್ಕೆ ಕೊಡಿ. ಮತ್ತು ಯಾವ ಕಾಗದವೇ ಆಗಲಿ, ನಿಮ್ಮ ಮುಂದಿರುವ ಚೀಲದ ಬ್ಯಾಚ್ ನಂಬರ್ ಅದರಲ್ಲಿ ಇಲ್ಲದಿದ್ದರೆ ಆ ಚೀಲದ ಬಗ್ಗೆ ಅದು ಏನನ್ನೂ ಹೇಳುತ್ತಿಲ್ಲ.

ನಾಲ್ಕು ಬಗೆಯ ಕಾಗದ

ಮೊದಲನೆಯದು ಕಾನೂನಿನದು. ಅಗತ್ಯ ವಸ್ತುಗಳ ಕಾಯ್ದೆ 1955ರ ಅಡಿಯಲ್ಲಿ ಬಂದ ರಸಗೊಬ್ಬರ ನಿಯಂತ್ರಣ ಆದೇಶ 1985 ಅಂತ ಒಂದಿದೆ. ವ್ಯಾಪಾರದವರು ಎಫ್‌ಸಿಓ ಎನ್ನುತ್ತಾರೆ. ಮೊದಲು ಯೂರಿಯಾ, ಡಿಎಪಿಯಂಥವು ಮಾತ್ರ ಇದರೊಳಗೆ ಇದ್ದವು. 2006ರಲ್ಲಿ ಜೈವಿಕ ಗೊಬ್ಬರ, ಸಾವಯವ ಗೊಬ್ಬರಗಳನ್ನೂ ಸೇರಿಸಿದರು. ಸಾವಯವ ಗೊಬ್ಬರಗಳ ಅಳತೆಗಳು ಅದರ ನಾಲ್ಕನೆಯ ಅನುಸೂಚಿಯಲ್ಲಿವೆ. ತೇವ, ಬಣ್ಣ, ವಾಸನೆ, ಕಣದ ಗಾತ್ರ, ಇಂಗಾಲ, ಸಾರಜನಕ, ರಂಜಕ, ಪೊಟ್ಯಾಶ್, ಭಾರ ಲೋಹ ಎಲ್ಲಕ್ಕೂ ಮಿತಿ ಇದೆ. ಚೀಲದ ಮೇಲೆ ತಯಾರಕರ ಹೆಸರು, ತಯಾರಾದ ತಿಂಗಳು, ಬ್ಯಾಚ್, ತೂಕ, ಪೋಷಕಾಂಶಗಳ ವಿವರ ಇರಲೇಬೇಕು. ಈ ಮಿತಿಗಳನ್ನು ಆಗಾಗ ತಿದ್ದುತ್ತಾರೆ, ಹಾಗಾಗಿ ಹಳೆಯ ಕರಪತ್ರ ಹಿಡಿದು ವಾದ ಮಾಡಬೇಡಿ. ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಈಗಿನ ಪಟ್ಟಿ ಕೇಳಿ.

ಇದನ್ನು ನಾನು ಕನಿಷ್ಠ ಅರ್ಹತೆ ಎಂದು ನೋಡುತ್ತೇನೆ. ಅದಕ್ಕಿಂತ ಹೆಚ್ಚಲ್ಲ, ಆದರೆ ಇದಿಲ್ಲದೆ ಮುಂದಿನ ಮಾತೇ ಇಲ್ಲ.

ಎರಡನೆಯದು ಲ್ಯಾಬ್ ರಿಪೋರ್ಟ್. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವ ಕಾಗದ ಇದೇ, ಮೋಸ ಮಾಡುವುದೂ ಇದರಲ್ಲೇ ಸುಲಭ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದ ಲ್ಯಾಬ್ ಆದರೆ ಒಳ್ಳೆಯದು. ಆದರೆ ಆ ಮಾನ್ಯತೆಯನ್ನು ಲ್ಯಾಬ್‌ಗೆ ಇಡಿಯಾಗಿ ಕೊಡುವುದಿಲ್ಲ, ಒಂದೊಂದು ಪರೀಕ್ಷೆಗೆ ಕೊಡುತ್ತಾರೆ. ನೀರಿನ ಪರೀಕ್ಷೆಗೆ ಮಾನ್ಯತೆ ಪಡೆದ ಲ್ಯಾಬ್ ಗೊಬ್ಬರದ ಸೀಸ ಅಳೆದರೆ ಆ ಅಳತೆಗೆ ಮಾನ್ಯತೆ ಇದೆ ಎಂದಲ್ಲ. ಇನ್ನೊಂದು, ಲ್ಯಾಬ್‌ನವರು ತಮ್ಮ ಕೈಗೆ ಬಂದ ಮಾದರಿಯ ಬಗ್ಗೆ ಮಾತ್ರ ಹೇಳುತ್ತಾರೆ. ಆ ಮಾದರಿ ಎಲ್ಲಿಂದ ಬಂತು ಎನ್ನುವುದು ಅವರ ಜವಾಬ್ದಾರಿಯಲ್ಲ.

ಕಳೆದ ಬೇಸಿಗೆಯಲ್ಲಿ ಜಮಖಂಡಿ ಕಡೆಯ ದಾಳಿಂಬೆ ಬೆಳೆಗಾರರೊಬ್ಬರ ಶೆಡ್‌ನಲ್ಲಿ ಇಂಥದೊಂದು ರಿಪೋರ್ಟ್ ನೋಡಿದೆ. ಗೊಬ್ಬರ ತಂದವನು ಬಹಳ ವಿಶ್ವಾಸದಿಂದ ಕೊಟ್ಟಿದ್ದ. ‘ರಿಪೋರ್ಟ್ ಐತಲ್ರೀ, ಮತ್ತೇನು ಬೇಕ್ರೀ?’ ಎಂದ. ನೋಡಿದರೆ ಜೆರಾಕ್ಸಿನ ಜೆರಾಕ್ಸು. ತಾರೀಕು ಎರಡು ವರ್ಷ ಹಳೆಯದು. ‘ಮಾದರಿ ತಂದವರು’ ಎಂಬಲ್ಲಿ ‘ಪಾರ್ಟಿ’ ಎಂದಿತ್ತು, ಅಂದರೆ ಪರೀಕ್ಷೆ ಮಾಡಿಸಿದವರೇ. ಬ್ಯಾಚ್ ನಂಬರಿನ ಜಾಗದಲ್ಲಿ ಒಂದು ಗೀಟು. ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಚೆನ್ನಾಗಿದ್ದವು. ಬೆಳೆಗಾರರು ಬೆರಳಿಟ್ಟು ಸಾಲು ಸಾಲಾಗಿ ಓದಿ, ‘ಇದ್ರಾಗ ಉಪ್ಪಿಂದು ಎಲ್ಲೈತ್ರೀ?’ ಎಂದರು. ಇರಲಿಲ್ಲ. ಅವರ ಬಾವಿಯ ನೀರೇ ಸವಳು. ಅವರಿಗೆ ಬೇಕಾದ ಒಂದೇ ಒಂದು ಅಂಕಿ ಆ ಕಾಗದದಲ್ಲಿ ಇಲ್ಲ. ಗಾಡಿ ವಾಪಸ್ ಹೋಯಿತು.

ಹಾಗಾಗಿ ರಿಪೋರ್ಟ್ ಕೈಗೆ ಬಂದರೆ ಮೊದಲು ಪೋಷಕಾಂಶ ನೋಡಬೇಡಿ. ಮೊದಲು ತಾರೀಕು, ಆಮೇಲೆ ಬ್ಯಾಚ್, ಆಮೇಲೆ ಮಾದರಿ ತೆಗೆದವರು ಯಾರು, ಆಮೇಲೆ ಯಾವ ಸಾಲು ಬಿಟ್ಟುಹೋಗಿದೆ. ಇದ್ದ ಅಂಕಿಗಿಂತ ಇಲ್ಲದ ಅಂಕಿ ಜಾಸ್ತಿ ಹೇಳುತ್ತದೆ.

ಮೂರನೆಯದು ಸಾವಯವ ಒಪ್ಪಿಗೆ. ನಮ್ಮ ದೇಶದಲ್ಲಿ ಸಾವಯವ ಕೃಷಿಗೆ ಎರಡು ದಾರಿ. ಒಂದು ಎನ್‌ಪಿಓಪಿ, ಅಂದರೆ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. ಅದನ್ನು ನೋಡಿಕೊಳ್ಳುವುದು ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೇಡಾ, ರಫ್ತು ಮಾಡುವವರಿಗೆ ಇದೇ ಬೇಕು. ಇನ್ನೊಂದು ಪಿಜಿಎಸ್, ಅಕ್ಕಪಕ್ಕದ ರೈತರು ಗುಂಪಾಗಿ ಒಬ್ಬರನ್ನೊಬ್ಬರು ಪರಿಶೀಲಿಸುವ ಪದ್ಧತಿ. ಎರಡೂ ಮೂಲದಲ್ಲಿ ಹೊಲಕ್ಕೆ, ಬೆಳೆಗೆ ಸಂಬಂಧಿಸಿದವು. ಗೊಬ್ಬರದ ಕಂಪನಿಗಳು ಪ್ರಮಾಣೀಕರಣ ಸಂಸ್ಥೆಯಿಂದ ‘ಈ ಒಳಸುರಿಯನ್ನು ಸಾವಯವ ಕೃಷಿಯಲ್ಲಿ ಬಳಸಬಹುದು’ ಎಂಬ ಒಪ್ಪಿಗೆ ಪಡೆದಿರುತ್ತವೆ. ಅದರ ಅರ್ಥ ಇಷ್ಟೇ: ಇದರಲ್ಲಿ ನಿಷೇಧಿತ ವಸ್ತು ಹಾಕಿಲ್ಲ. ಗೊಬ್ಬರ ಸತ್ವವಾಗಿದೆ, ಚೆನ್ನಾಗಿ ಕಳಿತಿದೆ ಎಂದು ಅದು ಹೇಳುವುದಿಲ್ಲ. ನೀವು ಸಾವಯವ ಪ್ರಮಾಣಪತ್ರದ ಹಾದಿಯಲ್ಲಿ ಇದ್ದರೆ ಈ ಕಾಗದ ನೋಡಿಯೇ ಕೊಳ್ಳಿ. ಇಲ್ಲದಿದ್ದರೆ ಇದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಾದ ಕಾರಣ ನನಗೆ ಕಾಣುವುದಿಲ್ಲ. ಪ್ರಮಾಣಪತ್ರ ಇರುವವರು ಸಿಟಿ ಕಾಂಪೋಸ್ಟ್ ಹಾಕುವ ಮುಂಚೆ ತಮ್ಮ ಪ್ರಮಾಣೀಕರಣ ಸಂಸ್ಥೆಯನ್ನು ಬರಹದಲ್ಲಿ ಕೇಳಿಯೇ ಹಾಕಬೇಕು. ಗೊತ್ತಿಲ್ಲದೆ ಹಾಕಿ ಮೂರು ವರ್ಷದ ಶ್ರಮ ಕಳೆದುಕೊಳ್ಳುವುದು ಬೇಡ.

ನಾಲ್ಕನೆಯದು ಐಎಸ್ಓ 9001ರಂಥ ಮುದ್ರೆ. ಕಂಪನಿಯ ಕೆಲಸದ ಪದ್ಧತಿ ಕ್ರಮವಾಗಿದೆ ಎಂದಷ್ಟೇ ಅದು ಹೇಳುತ್ತದೆ. ಚೀಲದ ಒಳಗಿನ ಮಾಲಿಗೂ ಅದಕ್ಕೂ ನೇರ ಸಂಬಂಧ ಇಲ್ಲ. ಆಯ್ಕೆ ಮಾಡುವಾಗ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಅಂಕಿಗಳನ್ನು ಓದುವುದು ಹೇಗೆ

ಎರೆಗೊಬ್ಬರ ಮತ್ತು ಸಿಟಿ ಕಾಂಪೋಸ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಎಫ್‌ಸಿಓ ಪಟ್ಟಿಯಲ್ಲಿ ಎರಡಕ್ಕೂ ತೇವ ನೂರಕ್ಕೆ 15ರಿಂದ 25. ಎರಡರಲ್ಲೂ ನೂರಕ್ಕೆ 90 ಭಾಗ 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು. ಎರಡೂ ಕಡುಕಂದು ಅಥವಾ ಕಪ್ಪು ಬಣ್ಣ ಇರಬೇಕು, ಕೆಟ್ಟ ವಾಸನೆ ಇರಬಾರದು. ವ್ಯತ್ಯಾಸ ಬರುವುದು ಇಂಗಾಲದಲ್ಲಿ. ಎರೆಗೊಬ್ಬರದಲ್ಲಿ ಕನಿಷ್ಠ 18 ಭಾಗ ಇಂಗಾಲ, 1 ಭಾಗ ಸಾರಜನಕ ಇರಬೇಕು. ಸಿಟಿ ಕಾಂಪೋಸ್ಟ್‌ಗೆ 12 ಭಾಗ ಇಂಗಾಲ, 0.8 ಭಾಗ ಸಾರಜನಕ ಸಾಕು.

ಈ 12 ಮತ್ತು 18ರ ನಡುವಿನ ಅಂತರ ಸಣ್ಣದಲ್ಲ. ಇಂಗಾಲವನ್ನು ಸುಮಾರು 1.72ರಿಂದ ಗುಣಿಸಿದರೆ ಸಾವಯವ ಪದಾರ್ಥ ಎಷ್ಟಿದೆ ಎಂದು ಅಂದಾಜು ಸಿಗುತ್ತದೆ. ಅಂದರೆ ಸಿಟಿ ಕಾಂಪೋಸ್ಟ್‌ನಲ್ಲಿ ಕಾನೂನು ಪ್ರಕಾರವೇ ನೂರಕ್ಕೆ 21 ಭಾಗ ಸಾವಯವ ಪದಾರ್ಥ ಇದ್ದರೆ ಪಾಸು, ಎರೆಗೊಬ್ಬರದಲ್ಲಿ 31. ಉಳಿದದ್ದು ಮಣ್ಣು, ಬೂದಿ, ತೇವ. ‘ಇದರಲ್ಲಿ ಮಣ್ಣು ಕಲಸಿದ್ದಾರೆ’ ಎಂದು ಜಗಳ ಮಾಡುವ ಮುನ್ನ ಇದು ಗೊತ್ತಿರಬೇಕು. ಸ್ವಲ್ಪ ಮಣ್ಣು ಇದ್ದೇ ಇರುತ್ತದೆ. ಕೇಳಬೇಕಾದ ಪ್ರಶ್ನೆ, ಎಷ್ಟು ಇಂಗಾಲಕ್ಕೆ ನಾನು ಎಷ್ಟು ದುಡ್ಡು ಕೊಡುತ್ತಿದ್ದೇನೆ?

ಉದಾಹರಣೆಗೆ ಎರೆಗೊಬ್ಬರ ಕಿಲೋಗೆ 8 ರೂಪಾಯಿ, ಸಿಟಿ ಕಾಂಪೋಸ್ಟ್ 4 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಟನ್ ಎರೆಗೊಬ್ಬರದಲ್ಲಿ 180 ಕಿಲೋ ಇಂಗಾಲ, 8,000 ರೂಪಾಯಿ. ಕಿಲೋ ಇಂಗಾಲಕ್ಕೆ 44 ರೂಪಾಯಿ ಬಿತ್ತು. ಸಿಟಿ ಕಾಂಪೋಸ್ಟ್‌ನಲ್ಲಿ 120 ಕಿಲೋ, 4,000 ರೂಪಾಯಿ, ಅಂದರೆ 33 ರೂಪಾಯಿ. ಅರ್ಧ ರೇಟಿಗೆ ಸಿಕ್ಕಿತು ಎಂದುಕೊಂಡಿದ್ದು ಅರ್ಧ ಆಗಲೇ ಇಲ್ಲ ನೋಡಿ. ಸಾಗಾಣಿಕೆ, ಹರಡುವ ಕೂಲಿ ಸೇರಿಸಿದರೆ ಅಂತರ ಇನ್ನೂ ಕಡಿಮೆಯಾಗುತ್ತದೆ.

ಸಾರಜನಕಕ್ಕಾಗಿ ಕಾಂಪೋಸ್ಟ್ ಕೊಳ್ಳುವವರು ನಿರಾಶರಾಗುತ್ತಾರೆ. ಒಂದು ಟನ್ ಒಳ್ಳೆಯ ಎರೆಗೊಬ್ಬರದಲ್ಲಿ 10 ಕಿಲೋ ಸಾರಜನಕ. 45 ಕಿಲೋದ ಒಂದು ಯೂರಿಯಾ ಚೀಲದಲ್ಲಿ 20 ಕಿಲೋಗಿಂತ ಜಾಸ್ತಿ. ಕಾಂಪೋಸ್ಟ್ ಹಾಕುವುದು ಮಣ್ಣಿಗೆ ಜೀವ ಬರಲಿ, ನೀರು ಹಿಡಿಯಲಿ, ಎರೆ (ಕಪ್ಪು) ಮಣ್ಣು ಬಿರುಕು ಬಿಡುವುದು ಕಡಿಮೆಯಾಗಲಿ ಎಂದು. ಹಾಗಾಗಿ ಯಾವುದೋ ಚೀಲದ ಮೇಲೆ ‘ಸಾರಜನಕ 5%’ ಎಂದು ಬರೆದಿದ್ದರೆ ಖುಷಿಪಡಬೇಡಿ, ಅನುಮಾನ ಪಡಿ. ಸಾಮಾನ್ಯ ಕಾಂಪೋಸ್ಟ್‌ಗೆ ಅಷ್ಟು ಬರುವುದಿಲ್ಲ. ಹಿಂಡಿ ಬೆರೆಸಿರಬೇಕು, ಇಲ್ಲವೇ ಯೂರಿಯಾ.

ಇನ್ನೊಂದು ಅಂಕಿ ಇಂಗಾಲ-ಸಾರಜನಕದ ಅನುಪಾತ. ಸಿಟಿ ಕಾಂಪೋಸ್ಟ್‌ಗೆ ಇದು 20ಕ್ಕಿಂತ ಕಡಿಮೆ ಇರಬೇಕು ಎಂದಿದೆ. ಜಾಸ್ತಿ ಇದ್ದರೆ ಗೊಬ್ಬರ ಇನ್ನೂ ಕಳಿತಿಲ್ಲ ಎಂದರ್ಥ. ಹೊಲಕ್ಕೆ ಹಾಕಿದ ಮೇಲೆ ಅಲ್ಲಿ ಕೊಳೆಯಲು ಶುರುವಾಗುತ್ತದೆ, ಮಣ್ಣಿನಲ್ಲಿದ್ದ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಗಿಡ ಹಳದಿಯಾಗುತ್ತದೆ. ಗೊಬ್ಬರ ಹಾಕಿದ ಮೇಲೆ ಬೆಳೆ ಸೊರಗಿತು ಎಂಬ ದೂರು ಕೇಳಿದಾಗ ನಾನು ಮೊದಲು ಅನುಮಾನಿಸುವುದು ಇದನ್ನೇ.

ಉಪ್ಪು ಮತ್ತು ಲೋಹ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರೂ ಜಿಲ್ಲೆಗಳಿಗೆ ಇದೇ ಮುಖ್ಯ.

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನೀರಾವರಿಯ ಎರೆ ಹೊಲಗಳಲ್ಲಿ ಸವಳು-ಜವಳಿನ, ಅಂದರೆ ಉಪ್ಪೇರುವ, ನೀರು ನಿಲ್ಲುವ ಮಣ್ಣಿನ ಕಾಟ ಯಾರಿಗೆ ಗೊತ್ತಿಲ್ಲ? ವಿಜಯಪುರದ ಕಡೆ ಬೋರ್‌ವೆಲ್ ನೀರಿನಲ್ಲೇ ಉಪ್ಪು. ಅಂಥ ಹೊಲಕ್ಕೆ ಉಪ್ಪಿನ ಗೊಬ್ಬರ ಹಾಕಿದರೆ ನಾವೇ ಕೈಯಾರೆ ಹೊಲ ಕೆಡಿಸಿದ ಹಾಗೆ. ಗೊಬ್ಬರದ ಉಪ್ಪನ್ನು ವಿದ್ಯುತ್ ವಾಹಕತೆ, ಅಂದರೆ ಇಸಿ ಎಂದು ಅಳೆಯುತ್ತಾರೆ. ಸಿಟಿ ಕಾಂಪೋಸ್ಟ್‌ಗೆ ಮಿತಿ ಮೀಟರ್‌ಗೆ 4 ಡೆಸಿಸೀಮೆನ್ಸ್. ಇದನ್ನು ಒಂದು ಪಾಲು ಗೊಬ್ಬರಕ್ಕೆ ಐದು ಪಾಲು ನೀರು ಹಾಕಿ ಅಳೆದಿರುತ್ತಾರೆ. ಮಣ್ಣಿನ ರಿಪೋರ್ಟ್‌ನಲ್ಲಿರುವ ಇಸಿಯನ್ನು ಬೇರೆ ರೀತಿಯಲ್ಲಿ ಅಳೆದಿರಬಹುದು, ಹಾಗಾಗಿ ಎರಡು ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ. ಸವಳು ಹೊಲದವರು, ದಾಳಿಂಬೆ-ದ್ರಾಕ್ಷಿಯವರು 4ರ ಮಿತಿಗೆ ತೃಪ್ತರಾಗಬಾರದು ಎನ್ನುವುದು ನನ್ನ ಅಭಿಪ್ರಾಯ. 2ರ ಒಳಗೆ ಇರುವುದನ್ನು ಹುಡುಕಿ.

ಪ್ರೆಸ್‌ಮಡ್ ವಿಷಯದಲ್ಲಿ ಇದನ್ನು ಖಂಡಿತ ನೋಡಬೇಕು. ಬೆಳಗಾವಿ, ಬಾಗಲಕೋಟೆಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ನುರಿಸಿದ ಕಬ್ಬಿನ ನೂರಕ್ಕೆ 3–4 ಭಾಗ ಪ್ರೆಸ್‌ಮಡ್ ಆಗಿ ಹೊರಬರುತ್ತದೆ. ಸುಮ್ನೆ ಕೊಳೆಸಿದ ಪ್ರೆಸ್‌ಮಡ್ ಒಳ್ಳೆಯ ಗೊಬ್ಬರ. ಸುಣ್ಣ, ಗಂಧಕ ಎರಡೂ ಅದರಲ್ಲಿ ಇರುತ್ತವೆ. ಆದರೆ ಡಿಸ್ಟಿಲರಿ ಇರುವ ಕಡೆ ಅದರ ಮೇಲೆ ಸ್ಪೆಂಟ್‌ವಾಶ್ (ಮದ್ಯಸಾರ ತೆಗೆದ ಮೇಲೆ ಉಳಿಯುವ ಕೊಳೆನೀರು) ಸುರಿದು ಕೊಳೆಸುತ್ತಾರೆ. ಆಗ ಪೊಟ್ಯಾಶ್ ಏರುತ್ತದೆ, ಜೊತೆಗೆ ಉಪ್ಪೂ ಏರುತ್ತದೆ. ಎರಡೂ ನೋಡಲು ಒಂದೇ ಥರ ಕಪ್ಪು. ‘ಸ್ಪೆಂಟ್‌ವಾಶ್ ಹಾಕಿದ್ದೋ, ಹಾಕದ್ದೋ?’ ಎಂದು ಬಾಯಿಬಿಟ್ಟು ಕೇಳಿ, ಇಸಿ ಅಳೆಸಿ. ನೀರು ಬಸಿದು ಹೋಗುವ ಮಸಾರಿ ಹೊಲದಲ್ಲಿ ಕಬ್ಬು ಇದ್ದರೆ ಹಾಕಿದ್ದೂ ನಡೆಯುತ್ತದೆ. ಜವಳು ಹಿಡಿದ ಎರೆ ಹೊಲಕ್ಕೆ ಬೇಡವೇ ಬೇಡ.

ಲೋಹದ ಕಥೆ ಇನ್ನೂ ಗಂಭೀರ. ಉಪ್ಪಾದರೆ ಒಳ್ಳೆಯ ಮಳೆಗೆ ಸ್ವಲ್ಪ ಕೆಳಗಿಳಿಯುತ್ತದೆ. ಸೀಸ, ಕ್ಯಾಡ್ಮಿಯಂ ಬಂದರೆ ಮಣ್ಣಿನಲ್ಲೇ ಉಳಿಯುತ್ತವೆ. ಮಿತಿ ಹೀಗಿದೆ, ಕಿಲೋಗೆ ಮಿಲಿಗ್ರಾಂ ಲೆಕ್ಕದಲ್ಲಿ: ಕ್ಯಾಡ್ಮಿಯಂ 5, ಕ್ರೋಮಿಯಂ 50, ನಿಕ್ಕಲ್ 50, ಸೀಸ 100. ಸಿಟಿ ಕಾಂಪೋಸ್ಟ್‌ಗೆ ಇವುಗಳ ಜೊತೆ ಆರ್ಸೆನಿಕ್ 10, ಪಾದರಸ 0.15, ತಾಮ್ರ 300, ಸತು 1000. ಘನತ್ಯಾಜ್ಯ ನಿರ್ವಹಣೆ ನಿಯಮಗಳು 2016 ಕೂಡ ನಗರದ ಕಸದಿಂದ ಮಾಡಿದ ಕಾಂಪೋಸ್ಟ್‌ಗೆ ಇದೇ ಮಿತಿಗಳನ್ನು ಇಟ್ಟವು. ಮಿತಿ ಮೀರಿದ್ದನ್ನು ತಿನ್ನುವ ಬೆಳೆಗೆ ಬಳಸಬಾರದು, ಬೇರೆ ಗಿಡಗಳಿಗೆ ಬಳಸಬಹುದು ಎಂದು ಆ ನಿಯಮ ಹೇಳಿತು.

ಮಿತಿಯೊಳಗೆ ಇದ್ದರೂ ಲೆಕ್ಕ ಹಾಕಿ. ಸೀಸ ಸರಿಯಾಗಿ 100 ಇರುವ ಗೊಬ್ಬರ ಎಕರೆಗೆ 4 ಟನ್ ಹಾಕಿದರೆ 400 ಗ್ರಾಂ ಸೀಸ ಹೊಲಕ್ಕೆ ಹೋಯಿತು. ಪ್ರತಿ ವರ್ಷ ಹಾಕಿದರೆ ಹತ್ತು ವರ್ಷದಲ್ಲಿ 4 ಕಿಲೋ. ಮಕ್ಕಳಿಗೆ ಬಿಟ್ಟುಹೋಗುವ ಹೊಲ ಅದು. ‘ಮಿತಿಯೊಳಗಿದೆ’ ಎಂಬ ಮಾತಿಗೆ ತೃಪ್ತರಾಗದೆ ಮಿತಿಗಿಂತ ಎಷ್ಟು ಕೆಳಗಿದೆ ಎಂದು ಕೇಳಿ. ಎರಡು ಸಿಟಿ ಕಾಂಪೋಸ್ಟ್‌ಗಳ ನಡುವೆ ಆರಿಸುವುದಿದ್ದರೆ ಪೋಷಕಾಂಶ ಕಡಿಮೆ ಇದ್ದರೂ ಲೋಹ ಕಡಿಮೆ ಇದ್ದದ್ದನ್ನೇ ನಾನು ಆರಿಸುತ್ತೇನೆ. ಪೋಷಕಾಂಶವನ್ನು ಆಮೇಲೂ ಕೊಡಬಹುದು. ಸೀಸವನ್ನು ವಾಪಸ್ ತೆಗೆಯಲು ಆಗುವುದಿಲ್ಲ.

ಮೂಲದಲ್ಲೇ ಬೇರ್ಪಡಿಸಿದ ಹಸಿ ಕಸದಿಂದ ಮಾಡಿದ ಕಾಂಪೋಸ್ಟ್‌ಗೂ ಎಲ್ಲ ಕೂಡಿದ ಕಸವನ್ನು ಕೊನೆಗೆ ಜರಡಿ ಹಿಡಿದು ಮಾಡಿದ್ದಕ್ಕೂ ಲೋಹದಲ್ಲಿ ಬಹಳ ವ್ಯತ್ಯಾಸ ಬರುತ್ತದೆ. ಬ್ಯಾಟರಿ, ಬಣ್ಣ, ಎಲೆಕ್ಟ್ರಾನಿಕ್ ಕಸ ಒಂದೇ ರಾಶಿಯಲ್ಲಿ ವಾರಗಟ್ಟಲೆ ಇದ್ದರೆ ಅವುಗಳ ಲೋಹ ಗೊಬ್ಬರಕ್ಕೆ ಸೇರಿಯೇ ಸೇರುತ್ತದೆ. ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ಕಸ ಮನೆಯಲ್ಲೇ ಬೇರೆಯಾಗಿ ಬರುತ್ತದೋ, ಘಟಕದಲ್ಲಿ ಬೇರ್ಪಡಿಸುತ್ತಾರೋ? ಪೌರ ಕಾರ್ಮಿಕರು ಬೆಳಗ್ಗೆ ಮನೆ ಬಾಗಿಲಲ್ಲಿ ಹಸಿ ಕಸ, ಒಣ ಕಸ ಬೇರೆ ಕೊಡಿ ಎಂದು ಕೇಳುವುದಕ್ಕೂ ಅಥಣಿಯ ಹೊಲದ ಮಣ್ಣಿಗೂ ನೇರ ಸಂಬಂಧ ಇದೆ.

ಮನೆಯಲ್ಲೇ ಮಾಡುವ ಪರೀಕ್ಷೆ

ಲಾರಿ ಬರುವ ಮುಂಚೆ ಎರಡು ಚೀಲ ತರಿಸಿ. ಮಾಲು ಹೇಗಿದೆ ಎಂದು ಐದಾರು ದಿನದಲ್ಲಿ ಗೊತ್ತಾಗುತ್ತದೆ.

ಮೊದಲು ತೇವ. ಒಂದು ಕಿಲೋ ತೂಗಿ, ಪೇಪರ್ ಮೇಲೆ ತೆಳ್ಳಗೆ ಹರಡಿ, ತೂಕ ಇಳಿಯುವುದು ನಿಲ್ಲುವ ತನಕ ಬಿಸಿಲಿಗೆ ಇಡಿ. 750 ಗ್ರಾಂ ಉಳಿದರೆ ಸರಿ. 550 ಉಳಿದರೆ ನೀವು ನೀರು ಕೊಳ್ಳುತ್ತಿದ್ದೀರಿ. 50 ಕಿಲೋ ಚೀಲಕ್ಕೆ 10 ಕಿಲೋ ನೀರು ಜಾಸ್ತಿ, ನೂರು ಚೀಲಕ್ಕೆ ಒಂದು ಟನ್. ಟ್ರಾಲಿ ಅಥವಾ ಬ್ರಾಸ್, ಅಂದರೆ ಗಾತ್ರದ ಲೆಕ್ಕದಲ್ಲಿ ಕೊಳ್ಳುವವರು ತೂಕ ಗೊತ್ತಿಲ್ಲದೆ ವ್ಯವಹಾರ ಮುಗಿಸಬಾರದು. ವೇಬ್ರಿಡ್ಜ್ ಹತ್ತಿಸಿ.

ಆಮೇಲೆ ಮುಷ್ಟಿ. ಹಿಡಿ ಗೊಬ್ಬರ ತೆಗೆದು ಹಿಂಡಿ. ನೀರು ಹನಿಯಬಾರದು, ಉಂಡೆ ಕಟ್ಟಿ ಮೆಲ್ಲಗೆ ಒತ್ತಿದರೆ ಉದುರಬೇಕು. ವಾಸನೆ ನೋಡಿ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಕಳಿತಿದೆ. ಅಮೋನಿಯಾ ಮೂಗಿಗೆ ಹೊಡೆದರೆ, ಹಳಸಿದ ವಾಸನೆ ಬಂದರೆ ಇನ್ನೂ ಹಸಿ. ಅನುಮಾನ ಇದ್ದರೆ ಒಂದಿಷ್ಟು ಗೊಬ್ಬರವನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ನೆರಳಲ್ಲಿ ಇಡಿ. ಬಿಚ್ಚಿದಾಗ ನಾರದಿದ್ದರೆ ಒಳ್ಳೆಯದು. ರಾಶಿ ಇದ್ದ ಜಾಗಕ್ಕೇ ಹೋಗಿದ್ದರೆ ಕಬ್ಬಿಣದ ಸರಳು ರಾಶಿಯ ಒಳಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಟ್ಟಿ. ಸುಡುತ್ತಿದ್ದರೆ ಅದಿನ್ನೂ ಕೊಳೆಯುತ್ತಿದೆ.

ಗಾಜಿನ ಲೋಟದಲ್ಲಿ ನೀರು ತುಂಬಿ ಎರಡು ಚಮಚ ಗೊಬ್ಬರ ಹಾಕಿ ಕಲಕಿ ಬಿಡಿ. ತಳದಲ್ಲಿ ಮರಳು ದಪ್ಪಗೆ ಕುಳಿತರೆ ಮಣ್ಣು ಜಾಸ್ತಿ ಕಲಸಿದ್ದಾರೆ. ಬಿಳಿ ಕಣ ಕಂಡು ಅದು ನೀರಲ್ಲಿ ಕರಗಿ ಹೋದರೆ ರಸಗೊಬ್ಬರ ಬೆರೆಸಿದ್ದಾರೆಯೇ ಎಂದು ಕೇಳಿ. ಸಿಟಿ ಕಾಂಪೋಸ್ಟ್ ಆದರೆ ಬಿಳಿ ಬಟ್ಟೆಯ ಮೇಲೆ ಹರಡಿ ಗಾಜಿನ ಚೂರು, ಪ್ಲಾಸ್ಟಿಕ್ ಎಳೆ, ಗುಂಡುಪಿನ್ನು ಹುಡುಕಿ. ಬರಿಗೈಯಲ್ಲಿ ಬೇಡ.

ಎಲ್ಲಕ್ಕಿಂತ ನಂಬಿಕೆಯದು ಮೊಳಕೆ ಪರೀಕ್ಷೆ. ಎರಡು ಕುಂಡ ತೆಗೆದುಕೊಳ್ಳಿ. ಒಂದರಲ್ಲಿ ನಿಮ್ಮ ಹೊಲದ ಮಣ್ಣು ಮಾತ್ರ, ಇನ್ನೊಂದರಲ್ಲಿ ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ. ಎರಡರಲ್ಲೂ ಇಪ್ಪತ್ತಿಪ್ಪತ್ತು ಹೆಸರುಕಾಳು ಹಾಕಿ. ಐದಾರು ದಿನದಲ್ಲಿ ಗೊಬ್ಬರದ ಕುಂಡದಲ್ಲಿ ಕಡಿಮೆ ಮೊಳೆತರೆ, ಅಥವಾ ಬೇರಿನ ತುದಿ ಕಂದಿದರೆ, ಉಪ್ಪೋ ಹಸಿತನವೋ ಯಾವುದೋ ಒಂದು ತೊಂದರೆ ಇದೆ. ಹೆಸರಿನ ಜೊತೆ ಬೇರೆ ಕಳೆಯೂ ಎದ್ದು ಬಂದರೆ ಆ ರಾಶಿ ಸರಿಯಾಗಿ ಕಾದಿಲ್ಲ. ಒಳಗೆ 55 ಡಿಗ್ರಿ ಬಿಸಿ ಕೆಲವು ದಿನ ಉಳಿದರೆ ಬಹುತೇಕ ಕಳೆಬೀಜ, ರೋಗಾಣು ಸಾಯುತ್ತವೆ. ಎರೆಹುಳು ಅಷ್ಟು ಬಿಸಿಯಲ್ಲಿ ಬದುಕುವುದಿಲ್ಲ, ಹಾಗಾಗಿ ಎರೆಗೊಬ್ಬರದವರು ಸಗಣಿಯನ್ನು ಮೊದಲು ಕೊಳೆಸಿ ಆಮೇಲೆ ಹುಳು ಬಿಡುತ್ತಾರೋ ಇಲ್ಲವೋ ಎಂದು ಕೇಳಿ. ಟೊಮ್ಯಾಟೊ, ಸೊಪ್ಪು ಬೆಳೆಯುವವರಿಗೆ ಇದು ಮುಖ್ಯ.

ಲ್ಯಾಬ್‌ಗೆ ಕಳಿಸುವುದಿದ್ದರೆ

ಹತ್ತು ಚೀಲ, ಎರಡೇ ತರಿಸಿದ್ದರೆ ಎರಡನ್ನೂ ಬಿಚ್ಚಿ ಒಂದೊಂದರ ಮಧ್ಯದಿಂದ ಸಮನಾಗಿ, ಒಟ್ಟು ಎರಡು ಕಿಲೋ ಆಗುವಷ್ಟು ತೆಗೆಯಿರಿ. ಮೇಲಿನದು ಒಣಗಿರುತ್ತದೆ, ಅದು ಬೇಡ. ಸ್ವಚ್ಛ ಬಟ್ಟೆಯ ಮೇಲೆ ಎಲ್ಲ ಕಲಸಿ, ನಾಲ್ಕು ಭಾಗ ಮಾಡಿ, ಎದುರೆದುರಿನ ಎರಡು ಭಾಗ ಇಟ್ಟುಕೊಂಡು ಉಳಿದದ್ದು ಬಿಡಿ. ಒಂದು ಕಿಲೋ ಉಳಿಯುವ ತನಕ ಹೀಗೆ ಮಾಡಿ. ಎರಡು ಕವರ್‌ಗೆ ಹಾಕಿ, ಬ್ಯಾಚ್ ನಂಬರ್ ಬರೆದು, ಮಾರಿದವರ ಸಹಿ ಹಾಕಿಸಿ. ಒಂದು ಲ್ಯಾಬ್‌ಗೆ, ಒಂದು ನಿಮ್ಮ ಕಪಾಟಿಗೆ.

ಮೊದಲು ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ವಿಜಯಪುರದವರಿಗೆ ಹಿಟ್ಟಿನಹಳ್ಳಿ ಇದೆ, ಬೈಲಹೊಂಗಲ ಕಡೆಯವರಿಗೆ ಮತ್ತಿಕೊಪ್ಪ. ಬಾಗಲಕೋಟೆಯವರಿಗೆ ಊರಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ. ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ದೂರವಲ್ಲ. ಪಿಎಚ್, ಇಸಿ, ಇಂಗಾಲ ಅಳೆಯುವುದಕ್ಕೆ ಮಣ್ಣು ಪರೀಕ್ಷೆಯ ಸಲಕರಣೆ ಸಾಕು. ಲೋಹಕ್ಕೆ ಎಎಎಸ್ ಅಥವಾ ಐಸಿಪಿ ಎಂಬ ಯಂತ್ರ ಬೇಕು, ಅದು ಎಲ್ಲ ಕಡೆ ಇರುವುದಿಲ್ಲ, ಫೀಸೂ ಜಾಸ್ತಿ. ಅಂಕಿಗಳು ಒಣ ತೂಕದ ಲೆಕ್ಕವೋ, ಚೀಲದಲ್ಲಿ ಇದ್ದ ಹಾಗಿನ ಲೆಕ್ಕವೋ ಎಂದು ರಿಪೋರ್ಟ್‌ನಲ್ಲಿ ಬರೆಸಿ. ಎರಡು ಕಂಪನಿಗಳ ರಿಪೋರ್ಟ್ ಹೋಲಿಸುವಾಗ ಒಂದು ಒಣ ಲೆಕ್ಕ, ಇನ್ನೊಂದು ಹಸಿ ಲೆಕ್ಕ ಇದ್ದರೆ ಒಣ ಲೆಕ್ಕದ್ದೇ ಗೆಲ್ಲುತ್ತದೆ, ಮಾಲು ಒಂದೇ ಇದ್ದರೂ.

ಯಾರಿಗೆ ಯಾವುದು

ಮುಧೋಳ, ರಾಯಬಾಗ, ಗೋಕಾಕ ಕಡೆ ಕಬ್ಬು ಹಾಕುವವರಿಗೆ ಗೊಬ್ಬರ ಟನ್‌ಗಟ್ಟಲೆ ಬೇಕು. ಅವರಿಗೆ ಚೀಲದ ಎರೆಗೊಬ್ಬರ ಗಿಟ್ಟುವುದಿಲ್ಲ. ಸ್ಪೆಂಟ್‌ವಾಶ್ ಹಾಕದ, ಚೆನ್ನಾಗಿ ಕಳಿತ ಪ್ರೆಸ್‌ಮಡ್ ಮೊದಲ ಆಯ್ಕೆ, ಜೊತೆಗೆ ಒಂದು ಇಸಿ ಪರೀಕ್ಷೆ. ಕಾರ್ಖಾನೆಯಿಂದ ಆಗಷ್ಟೇ ಬಂದ ಹಸಿ ಪ್ರೆಸ್‌ಮಡ್‌ನಲ್ಲಿ ಮುಕ್ಕಾಲು ಪಾಲು ನೀರೇ, ಬಿಸಿಯೂ ಆಗುತ್ತದೆ. ಅದನ್ನು ನೇರವಾಗಿ ಸಾಲಿಗೆ ಹಾಕಬೇಡಿ. ಹಸಿ ತಿಪ್ಪೆ ಗೊಬ್ಬರವೂ ಅಷ್ಟೇ, ಗೊಣ್ಣೆ ಹುಳುವನ್ನು ನಾವೇ ಹೊಲಕ್ಕೆ ಕರೆದಂತಾಗುತ್ತದೆ. ಕಬ್ಬಿನವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ತಿಕೋಟಾ, ಬಬಲೇಶ್ವರದ ದ್ರಾಕ್ಷಿಯವರಿಗೆ, ಬಾಗಲಕೋಟೆಯ ದಾಳಿಂಬೆಯವರಿಗೆ, ಇಂಡಿಯ ನಿಂಬೆಯವರಿಗೆ ನನ್ನ ಸಲಹೆ ಎರೆಗೊಬ್ಬರ. ಬುಡಕ್ಕೆ ಅಳೆದು ಹಾಕುವುದರಿಂದ ಪ್ರಮಾಣ ಕಡಿಮೆ ಸಾಕು, ಹಾಗಾಗಿ ರೇಟು ಜಾಸ್ತಿ ಆದರೂ ನಡೆಯುತ್ತದೆ. ಬ್ಯಾಚ್ ರಿಪೋರ್ಟ್‌ನಲ್ಲಿ ಇಸಿ ಮತ್ತು ಲೋಹ ಎರಡೂ ಇರಲೇಬೇಕು. ಕೋಳಿ ಗೊಬ್ಬರ ಹಾಕುವವರು ಉಪ್ಪಿನ ಬಗ್ಗೆ ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ರಂಜಕ ಕಡಿಮೆ ಇದ್ದ ಹೊಲಕ್ಕೆ ‘ಪ್ರಾಮ್’ ಎಂದು ಸಿಗುವ ರಂಜಕಭರಿತ ಸಾವಯವ ಗೊಬ್ಬರ ಇದೆ. ಅದರಲ್ಲಿ ನೂರಕ್ಕೆ ಕನಿಷ್ಠ 10.4 ಭಾಗ ರಂಜಕ ಇರಬೇಕೆಂದು ಎಫ್‌ಸಿಓ ಹೇಳುತ್ತದೆ. ಅದನ್ನು ರಂಜಕಕ್ಕಾಗಿ ಕೊಳ್ಳಿ, ಕಾಂಪೋಸ್ಟ್ ಎಂದುಕೊಂಡು ಕೊಳ್ಳಬೇಡಿ.

ಸಿಟಿ ಕಾಂಪೋಸ್ಟ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಊರಿನ ಹಸಿ ಕಸ ಹೊಲಕ್ಕೆ ವಾಪಸ್ ಬರುವುದು ಒಳ್ಳೆಯದೇ. ಇದನ್ನು ಬಳಸಲಿ ಎಂದೇ ಕೇಂದ್ರ ಸರ್ಕಾರ 2016ರಲ್ಲಿ ಟನ್‌ಗೆ 1,500 ರೂಪಾಯಿ ನೆರವು ಶುರು ಮಾಡಿತ್ತು. ಆದರೆ ಲೋಹದ ರಿಪೋರ್ಟ್ ಇಲ್ಲದೆ ಸೊಪ್ಪು, ಗಜ್ಜರಿ, ಗೆಣಸಿನಂಥ ಬೆಳೆಗೆ ಹಾಕಬೇಡಿ. ಹೊಲದ ಬದುವಿನ ತೇಗ, ಬೇವು, ಉದ್ಯಾನದ ಗಿಡಗಳಿಗೆ ಧಾರಾಳವಾಗಿ ಹಾಕಿ.

ಮನೆಯ ತಾರಸಿಯಲ್ಲಿ ಕುಂಡ ಇಟ್ಟವರಿಗೆ ಲ್ಯಾಬ್ ರಿಪೋರ್ಟ್ ಬೇಕಿಲ್ಲ. ಮೊಳಕೆ ಪರೀಕ್ಷೆ ಸಾಕು. ಅವರು ಪರಿಚಯದ ರೈತರ ಹತ್ತಿರ ಬಿಡಿಯಾಗಿ ಎರೆಗೊಬ್ಬರ ಕೊಂಡರೆ ಇಬ್ಬರಿಗೂ ಲಾಭ.

ಇನ್ನು ಸಮಯ. ದ್ರಾಕ್ಷಿಯವರು ಏಪ್ರಿಲ್ ಚಾಟನಿ (ಬಳ್ಳಿ ಸವರುವುದು), ಅಕ್ಟೋಬರ್ ಚಾಟನಿಯ ಹೊತ್ತಿಗೆ, ದಾಳಿಂಬೆಯವರು ಬಹಾರ್ (ಹೂವಿನ ಹಂಗಾಮು) ಹಿಡಿಯುವ ಹೊತ್ತಿಗೆ ಗಡಿಬಿಡಿಯಲ್ಲಿ ಸಿಕ್ಕಿದ್ದು ಕೊಳ್ಳುತ್ತಾರೆ. ಆಗ ಪರೀಕ್ಷೆಗೆ ಪುರುಸೊತ್ತು ಇರುವುದಿಲ್ಲ, ಮಾರುವವರಿಗೂ ಅದು ಗೊತ್ತು. ಒಂದೂವರೆ ತಿಂಗಳು ಮುಂಚೆ ಎರಡು ಚೀಲ ತರಿಸಿ, ಮೊಳಕೆ ನೋಡಿ, ಮಾದರಿ ಕಳಿಸಿ. ‘ರಿಪೋರ್ಟ್ ಬಂದ ಮೇಲೆ ಉಳಿದ ಮಾಲು, ಅದೇ ಬ್ಯಾಚಿಂದು’ ಎಂದು ಮಾತಾಡಿಕೊಳ್ಳಿ. ಬಿಲ್ಲಿನ ಮೇಲೆ ಬ್ಯಾಚ್ ನಂಬರ್ ಬರೆಸಿ. ನಾಲ್ಕೈದು ಜನ ಕೂಡಿ ಒಂದೇ ಲೋಡ್ ತರಿಸಿದರೆ ಲೋಹದ ಪರೀಕ್ಷೆಯ ಫೀಸು ತಲೆಗೆ ಹಗುರ ಆಗುತ್ತದೆ, ಒಂದೇ ರಿಪೋರ್ಟ್ ಎಲ್ಲರಿಗೂ ಆಗುತ್ತದೆ.

ಮಾಲು ಕೆಟ್ಟದ್ದು ಬಂದರೆ ಚೀಲ ಎಲ್ಲ ಬಿಚ್ಚಿ ಹರಡಬೇಡಿ. ಹೊಲಿಗೆ ಬಿಚ್ಚದ ಕೆಲವು ಚೀಲ ಹಾಗೇ ಇಟ್ಟುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಡಿ. ಎಫ್‌ಸಿಓ ಪ್ರಕಾರ ಅಧಿಕೃತವಾಗಿ ಮಾದರಿ ತೆಗೆಯುವ ಅಧಿಕಾರ ಕೃಷಿ ಇಲಾಖೆಯ ಗೊಬ್ಬರ ಪರಿವೀಕ್ಷಕರಿಗೆ ಇದೆ, ಮತ್ತು ಅವರು ತೆಗೆದ ಮಾದರಿಯ ರಿಪೋರ್ಟ್ ಮೇಲೆಯೇ ಕ್ರಮ ಆಗುವುದು. ನೀವು ಕಳಿಸಿದ ಮಾದರಿಯ ರಿಪೋರ್ಟ್ ದೂರಿಗೆ ಬಲ ಕೊಡುತ್ತದೆ, ಆದರೆ ಅದೊಂದೇ ಸಾಲದು. ದೂರಿನ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ.